ಪುಡಿಯ ದಾಹ

ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಹನಿಯಕ್ಕ ಎನ್ನುತ್ತಿದ್ದರು. ಬಾಟಲಿ ತೊಳೆಯಲು ಸೇರಿದವಳು. ಈಗ ಇಪ್ಪತ್ತೆರಡು ವರ್ಷಗಳಿಂದ ಆಕೆಯ ಕೆಲಸ ಒಂದೇ: ಬೆಳ್ಳನೆಯ ಅಲ್ಯೂಮಿನಾ ಪುಡಿಗೆ ಪಲೇಡಿಯಂ ಲೋಹ ಕರಗಿಸಿದ ಕಂದು ನೀರನ್ನು ಹನಿಹನಿಯಾಗಿ ಕುಡಿಸುವುದು. ಪುಡಿಯ ಕಣಕಣದಲ್ಲೂ ಕಣ್ಣಿಗೆ ಕಾಣದ ಗೂಡುಗಳಿರುತ್ತವೆ. ಕೂದಲೆಳೆಯ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿದರೆ ಒಂದು ಪಾಲು ಎಷ್ಟೋ, ಅಷ್ಟು ಸಣ್ಣದಾಗಿ ಲೋಹ ಆ ಗೂಡುಗಳಲ್ಲಿ ಕೂರಬೇಕು. ಆಗಲೇ ಅದು ಔಷಧದ ಕಚ್ಚಾ ದ್ರವಕ್ಕೆ ಹೈಡ್ರೋಜನ್ ಬೆಸೆಯುತ್ತದೆ.

ಹನಿ ಬಿದ್ದಾಗಲೆಲ್ಲ ಆಕೆ ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು. ಎಷ್ಟು ಕುಡಿದರೂ ಪುಡಿ ಒಣಮರಳಿನಂತೆ ಸರಿಯುತ್ತಲೇ ಇರುತ್ತದೆ. ಗೂಡುಗಳೆಲ್ಲ ತುಂಬಿದ ಗಳಿಗೆಯಲ್ಲಿ ಮಾತ್ರ ಮೈ ಮಿಂಚಿ ಮುದ್ದೆಯಾಗಲು ನೋಡುತ್ತದೆ. ‘ದಾಹ ತೀರಿತು’ ಎಂದು ಆಕೆ ಅಲ್ಲಿಗೆ ಕೈ ನಿಲ್ಲಿಸುತ್ತಿದ್ದಳು.

ಹೋದ ತಿಂಗಳು ಕಂದು ನೀರು ಮುಗಿಯುವ ಮೊದಲೇ ದಾಹ ತೀರಿತ್ತು. ಕೆಮಿಸ್ಟ್ ಮೇಡಂ ಬರೆದುಕೊಟ್ಟ ಅಳತೆಯಲ್ಲವೇ ಎಂದು ಉಳಿದದ್ದನ್ನೂ ಸುರಿದಳು. ಲೋಹ ಗೂಡಿನ ಹೊರಗೇ ಗಂಟುಗಟ್ಟಿ, ಮಾಡಿದ್ದೆಲ್ಲ ನೀರುಪಾಲಾಯಿತು. ಇನ್ನೊಂದು ಸಲ ಕೆಟ್ಟರೆ ಈ ಕೋಣೆಗೆ ಬೀಗ, ಹನಿಯಕ್ಕ ಮತ್ತೆ ಬಾಟಲಿ ತೊಳೆಯಲು ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದರು. ಅಳತೆ ತಪ್ಪಿತೆಂದು ಬೈಗುಳ ತಿಂದವರು ಮಾತ್ರ ಮೇಡಂ.

ಇಂದು ಆಕೆ ಮೊದಲು ಹತ್ತು ಗ್ರಾಂ ಪುಡಿಗೆ ಬರೀ ನೀರು ಹಾಕಿ ನೋಡಿದಳು. ಎಂಟು ಮಿಲಿ ಕುಡಿಯಬೇಕಾದದ್ದು ಆರೂವರೆಗೇ ಮಿಂಚಿತು. ಕೈ ಅಲ್ಲೇ ನಿಂತಿತು. ಹೋದ ತಿಂಗಳು ಅತ್ತೆ ಜಾರಿಬಿದ್ದರೆಂದು ಮನೆಯಿಂದ ಫೋನು ಬಂದ ದಿನ ನೆನಪಾಯಿತು. ತೊಳೆಯುವ ತೊಟ್ಟಿಯಿಂದ ಏಳುತ್ತಿದ್ದ ಬಿಸಿ ಹಬೆ. ಪಕ್ಕದಲ್ಲೇ ಪುಡಿಯ ಡ್ರಮ್ಮು. ಅರ್ಧ ತಿರುಗಿಸಿ ಬಿಟ್ಟ ಮುಚ್ಚಳ.

ಪುಡಿಯನ್ನು ಸುಮ್ಮನೆ ಒಣಗಿಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅದನ್ನು ಮುಚ್ಚಿಟ್ಟುಕೊಂಡು ಹನಿಹನಿಗೂ ದೇವರ ಹೆಸರು ಹೇಳಲು ಮನಸ್ಸು ಒಪ್ಪಲಿಲ್ಲ. ಆಕೆ ಎದ್ದು ಮೇಡಂ ಬಳಿ ಹೋದಳು.

“ಏನಕ್ಕ, ಮುಖ ಹೀಗಿದೆ? ಪಲೇಡಿಯಂ ನೀವೇ ಕುಡಿದುಬಿಟ್ರಾ?”

“ಪುಡಿ ಆಗಲೇ ಕುಡಿದು ಕೂತಿದೆ ಮೇಡಂ, ಹಬೇಲಿದ್ದ ನೀರನ್ನ. ಮುಚ್ಚಳ ಸರಿಯಾಗಿ ಹಾಕದೆ ಓಡಿದವಳು ನಾನೇ. ಹೋದ ಸಲ ಕೆಟ್ಟಿದ್ದೂ ಅದಕ್ಕೇ.”

ಮೇಡಂ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು.

“ಒಂದು ತಿಂಗಳು ನಿದ್ದೆ ಇಲ್ಲ ನಂಗೆ. ಅದೇ ಲೆಕ್ಕ ಎಷ್ಟು ಸಲ ಮಾಡಿದ್ದೀನಿ ಗೊತ್ತಾ?”

“ನೀವು ಬೈಸ್ಕೊಂಡಿದ್ದು ನೋಡಿದ್ದೀನಲ್ಲ. ಅದಕ್ಕೇ ಹೇಳೋಕೆ ಬಂದೆ.”

“ಹೇಳದೇ ಇದ್ದಿದ್ರೆ ನಾನು ಹುಚ್ಚಿ ಆಗ್ತಿದ್ದೆ. ನಡೀರಿ, ಪುಡೀನ ಒಣಗಿಸೋ ಒಲೇಲಿಡೋಣ. ಬೈಯೋದು ಆಮೇಲೆ.”

ಪುಡಿ ಚೆನ್ನಾಗಿ ಒಣಗಿತು. ಈ ಸಲ ಹತ್ತು ಗ್ರಾಂ ಪುಡಿ ಎಂಟು ಮಿಲಿ ನೀರು ಕುಡಿದೇ ಮಿಂಚಿತು. ಆಮೇಲೆ ಪಲೇಡಿಯಂ ಹನಿಗಳು ಬಿದ್ದವು, ಒಂದಾದ ಮೇಲೊಂದು. ಕಿಟಕಿಯ ಬೆಳಕು ಮೇಜಿನ ಈ ತುದಿಯಿಂದ ಆ ತುದಿಗೆ ಸರಿದದ್ದು ಆಕೆಗೆ ಗೊತ್ತೇ ಆಗಲಿಲ್ಲ. ತಾನೇ ಒಂದು ಹನಿಯಾಗಿ, ಲಕ್ಷ ಬಾಗಿಲುಗಳ ಬಿಳಿಯ ಮನೆಯೊಳಗೆ ಮೆಲ್ಲಗೆ ಇಳಿಯುತ್ತಿರುವಂತೆ ಅನ್ನಿಸಿತು. ಒಳಗೆ ಎಲ್ಲೆಲ್ಲೂ ತಂಪು. ಮರುದಿನ ಗಾಜಿನ ಕೊಳವೆಯಲ್ಲಿ ಬಿಸಿ ಹೈಡ್ರೋಜನ್ ಹರಿದಾಗ, ಕಂದು ಪುಡಿ ಸಂಜೆ ಮುಗಿಲಿನಂತೆ ಬೂದುಗಪ್ಪಾಯಿತು.

ಇನ್ನು ಪರೀಕ್ಷೆ. ಔಷಧದ ಕಚ್ಚಾ ದ್ರವದೊಂದಿಗೆ ಪುಡಿಯನ್ನು ಉಕ್ಕಿನ ಪಾತ್ರೆಯಲ್ಲಿಟ್ಟು ಹೈಡ್ರೋಜನ್ ತುಂಬಿದರು. ದ್ರವ ಅನಿಲವನ್ನು ಎಳೆದುಕೊಂಡರೆ ಒತ್ತಡದ ಮುಳ್ಳು ಇಳಿಯಬೇಕು. ಹೋದ ಸಲ ಅದು ಜಪ್ಪಯ್ಯ ಅಂದರೂ ಅಲ್ಲಾಡಿರಲಿಲ್ಲ.

ಮುಳ್ಳು ಮೊದಲು ಸುಮ್ಮನಿತ್ತು. ಆಮೇಲೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಚೂರು ಸರಿಯಿತು. ಮತ್ತೆ ಚೂರು. ಆಮೇಲೆ ನಿಲ್ಲಲೇ ಇಲ್ಲ.

“ಇಳೀತಿದೆ ಅಕ್ಕ, ನೋಡಿ! ಅಯ್ಯೋ, ಯಾಕೆ ಅಳ್ತಿದ್ದೀರಿ?”

“ಅಳು ಎಲ್ಲಿಂದ ಬಂತು? ಕಣ್ಣಿಗೆ ಪುಡಿ ಬಿತ್ತು.”

“ಇಷ್ಟು ದಪ್ಪ ಕನ್ನಡಕದೊಳಗೆ ನುಗ್ಗಿತಾ? ಅದ್ಯಾವ ಪುಡಿ ಸ್ವಾಮಿ!” ಎಂದು ಮೇಡಂ ತಾವೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.