ಒಂದೇ ದಿನ ಹುಟ್ಟಿದ ಅಣ್ಣತಮ್ಮಂದಿರು

ಎಕ್ಸ್‌ಎಂಎಲ್ ಕಂಪ್ಯೂಟರ್ ಕಡತಗಳನ್ನು ಸೋಸಲು ವಿಕ್ರೋಳಿಯ ಆಫೀಸಿನಲ್ಲಿ ನಾನು ಕಟ್ಟಿದ ಪ್ರೋಗ್ರಾಮುಗಳ ಪೈಪ್‌ಲೈನ್ ಎಂಥದ್ದೆಂದರೆ, ಅರಬ್ಬಿ ಸಮುದ್ರ ಸುರಿದರೂ ಉಪ್ಪು ಬೇರೆ, ನೀರು ಬೇರೆ ಮಾಡೀತು! ಗ್ರಂಥಾಲಯದ ಸದಸ್ಯರ ಪಟ್ಟಿಗೆ ಬರೆದದ್ದನ್ನೇ ಕೆಡವಲಿದ್ದ ಕುರ್ಲಾದ ಚಾಳೊಂದರ ಬಾಡಿಗೆದಾರರ ಮರುವಸತಿ ಪಟ್ಟಿಗೂ ಹಚ್ಚಿದೆ. ವಿಳಾಸ, ಅಡ್ಡಹೆಸರು, ಹುಟ್ಟಿದ ದಿನ ಮೂರೂ ಒಂದೇ ಇದ್ದರೆ, ಒಬ್ಬರೇ ಎರಡು ಸಲ ಬಂದಿದ್ದಾರೆಂದು ಅದು ಎರಡನೇ ಹೆಸರನ್ನು ತೆಗೆದುಹಾಕುತ್ತಿತ್ತು.

ಚಾಳು ಕೆಡವಿದ ಮೇಲೆ ಅಲ್ಲಿ ಬಾಡಿಗೆಗಿದ್ದ ವಿಜಯಪುರ ಕಡೆಯ ಭೀಮಪ್ಪ ಬಂದ. “ಸಾಹೇಬ್ರ, ಅಣ್ಣಗ ಖೋಲಿ ಸಿಕ್ತು. ನನ್ನ ಹೆಸರೇ ಇಲ್ಲಲ್ರಿ?”

“ಇಬ್ಬರದೂ ಹುಟ್ಟಿದ ದಿನ ಜೂನ್ ಒಂದು, ಇಸವಿನೂ ಒಂದೇ. ಅವಳಿ-ಜವಳಿ ಏನ್ರಿ?”

“ಇಬ್ಬರೂ ಒಂದೇ ದಿನ ಸಾಲಿಗೆ ಸೇರಿದ್ವಿರಿ. ಮಾಸ್ತರು ಇಬ್ಬರಿಗೂ ಅದೇ ತಾರೀಖು ಬರಕೊಂಡ್ರು.”

ಪಟ್ಟಿಗೆ ಅಧಿಕಾರಿಗಳ ಸಹಿ ಬಿದ್ದಾಗಿತ್ತು, ಹೆಸರು ಸೇರಲಿಲ್ಲ. ಅವನ ಸಂಸಾರ ಈಗ ಸ್ಟೇಷನ್ ಹೊರಗೆ ತಾಡಪಾಲಿನ ಕೆಳಗಿದೆ.

ಅಂದಹಾಗೆ, ಶಾಲೆಯ ದಾಖಲೆಯಲ್ಲಿ ನಾನೂ ನನ್ನ ತಮ್ಮನೂ ಜೂನ್ ಒಂದರವರೇ. ನಿಯಮ ಬರೆಯುವಾಗ ಈ ಮಹಾಮೇಧಾವಿಗೆ ಅದೊಂದು ನೆನಪಾಗಲಿಲ್ಲ.