ಮುತ್ತುಪೇಟೆಯ ದಡದಲ್ಲಿ ಬಿಟ್ಟುಹೋದವರು

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವನವರು, ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಕೆಲಸ ನೋಡಿಕೊಳ್ಳುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಹಳೇ ಮೆಟಡೋರ್ ವ್ಯಾನ್ ತಂದು, ದಟ್ಟಗಳ್ಳಿಯ ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿ, ರಜೆ ಸಿಕ್ಕಾಗಲೆಲ್ಲ ಅದರೊಳಗೆ ಏನಾದರೂ ಬೆಸೆಯುತ್ತಿದ್ದರು. ಮಲಗಲು ಮೇಲೊಂದು ಕೆಳಗೊಂದು ಹಲಗೆ, ಸ್ಟೌ ಇಡಲು ಕಟ್ಟೆ, ನೀರಿಗೆ ಡ್ರಮ್ಮು. ಬೀದಿಯವರೆಲ್ಲ ಬಂದು ನೋಡಿ ಹೋದರು. ಆ ಡಿಸೆಂಬರಿನಲ್ಲಿ ತಮಿಳುನಾಡಿನ ಕಡಲಂಚಿನ ಜೌಗು ಕಾಡು, ಹಕ್ಕಿಗಳ ಕೆರೆ, ವನ್ಯಧಾಮ ನೋಡಿ ಬರೋಣವೆಂದು ನಾವು ಐದು ಜನ ಹೊರಟೆವು. ಭಾವ, ಅವರ ಹೆಂಡತಿ, ಅತ್ತೆ, ನನ್ನ ಗಂಡ, ನಾನು.

ನಾನು ಇಲವಾಲದವಳು. ಅಪ್ಪ ಲಾರಿ ಡ್ರೈವರು. ಮದುವೆಗೆ ಮುಂಚೆಯೇ ನನಗೆ ಗಾಡಿ ಓಡಿಸಲು ಕಲಿಸಿ, ಲೈಸೆನ್ಸೂ ಮಾಡಿಸಿಕೊಟ್ಟಿದ್ದರು. ಅವರು ತೀರಿಕೊಂಡು ಆಗಿನ್ನೂ ವರ್ಷ ತುಂಬಿರಲಿಲ್ಲ.

ತಿರುಚ್ಚಿ ದಾಟುವ ಹೊತ್ತಿಗೆ ಭಾವನವರಿಗೆ ನಿದ್ದೆ ಎಳೆಯುತ್ತಿತ್ತು. ಟೀ ಅಂಗಡಿಯ ಮುಂದೆ ನಿಲ್ಲಿಸಿದಾಗ, "ಸ್ವಲ್ಪ ದೂರ ನಾನು ಓಡಿಸ್ಲಾ ಭಾವ?" ಎಂದೆ.

ಅವರು ಜೋರಾಗಿ ನಕ್ಕರು. "ನಿಮ್ಮಪ್ಪ ಓಡಿಸ್ತಿದ್ದಂಗೆ ಓಡಿಸ್ತೀಯಾ? ಗಾಡಿಯೆಲ್ಲ ಬ್ರಾಂದಿ ವಾಸ್ನೆ ಬಂದ್ಬುಡುತ್ತೆ ಕಣಮ್ಮ!"

ಅಪ್ಪ ಹುಟ್ಟಿದಾಗಿನಿಂದ ಒಂದು ಹನಿ ಮುಟ್ಟಿದವರಲ್ಲ. ನನ್ನ ಗಂಡನಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೂ ಅಣ್ಣನ ಜೊತೆ ನಕ್ಕರು. ನಾನು ಟೀ ಚೆಲ್ಲಿ ಲೋಟ ತೊಳೆದಿಟ್ಟೆ. ಅಳು ಬರಲಿಲ್ಲ. ಇದನ್ನು ತೀರಿಸಿಕೊಳ್ಳದೆ ಮೈಸೂರು ಸೇರುವುದಿಲ್ಲ ಎಂದು ಮಾತ್ರ ಅಂದುಕೊಂಡೆ.

ಮರುದಿನ ಹಕ್ಕಿಗಳ ಕೆರೆಯಲ್ಲಿ ಗಂಡಸರಿಬ್ಬರೂ ದುರ್ಬೀನು ತೆಗೆದುಕೊಂಡು ಏರಿ ಹತ್ತಿದರು. ನಾವು ಮೂವರು ಹೆಂಗಸರು ಗಾಡಿ ಕಾಯಬೇಕು, ಅಡುಗೆ ಮಾಡಿಡಬೇಕು. ಅದರ ಮಾರನೇ ಬೆಳಿಗ್ಗೆ ಮುತ್ತುಪೇಟೆಗೆ ಬಂದಾಗಲೂ ಅದೇ. ಅಲ್ಲಿಂದ ದೋಣಿಯಲ್ಲಿ ಹೋದರೆ ನೀರಿನೊಳಗೇ ಬೇರು ಬಿಟ್ಟ ಕಾಂಡ್ಲಾ ಕಾಡು, ಅದರಾಚೆ ಹಿನ್ನೀರು. ಕೆಸರಾಗುತ್ತದೆಂದು ಇಬ್ಬರೂ ಬನಿಯನ್-ಚಡ್ಡಿಯಲ್ಲೇ ದೋಣಿ ಹತ್ತಿದರು. ಶರ್ಟು, ಊಟ, ಕುಡಿಯುವ ನೀರು ಎಲ್ಲ ಗಾಡಿಯಲ್ಲೇ. ಕೀ ಕೂಡ. ಹೆಂಗಸರ ಕೈಯಲ್ಲಿ ಕೀ ಇದ್ದರೂ ಒಂದೇ, ಸೌಟಿದ್ದರೂ ಒಂದೇ ಎಂದು ಭಾವನವರ ಲೆಕ್ಕ.

"ಮಧ್ಯಾಹ್ನ ಬರ್ತೀವಿ, ಸಾರು ಬಿಸಿಯಾಗಿರ್ಲಿ" ಎಂದು ಕೂಗಿದರು.

ದೋಣಿ ತಿರುವಿನಲ್ಲಿ ಮರೆಯಾಯಿತು. ನಾನು ಸ್ಟೌ ಆರಿಸಿ ಡ್ರೈವರ್ ಸೀಟಿನಲ್ಲಿ ಕೂತೆ. "ಅಕ್ಕ, ಕೋಡಿಕ್ಕರೈ ವನ್ಯಧಾಮಕ್ಕೆ ಹೋಗೋಣ್ವಾ? ಅಲ್ಲಿ ರಾಜಹಂಸಗಳು ಬಂದಿರ್ತವಂತೆ."

ಓರಗಿತ್ತಿ ಹೆದರಿದರು. "ಅಯ್ಯೋ, ಅವ್ರು ಬಂದ್ರೆ ಏನ್ಮಾಡ್ತಾರೆ?"

"ಬಿಸಿಲು ಕಾಯ್ತಾರೆ."

ಕೆಳಗಿನ ಹಲಗೆಯಲ್ಲಿ ಮಲಗಿದ್ದ ಅತ್ತೆ ಎದ್ದು ಕೂತರು. "ನಾನೂ ಹಕ್ಕಿ ನೋಡಕ್ಕೇ ಬಂದಿದ್ದು. ನಡಿಯಮ್ಮ."

ಮೆಟಡೋರ್ ಮೊದಲ ಸಲ ಮೊಂಡು ಹಿಡಿಯಿತು, ಎರಡನೇ ಸಲ ಮಾತು ಕೇಳಿತು. ವೇದಾರಣ್ಯ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಉಪ್ಪಿನ ಪಾತಿ. ಆಮೇಲೆ ಹುಲ್ಲುಗಾವಲು, ಕಾಡುಕುದುರೆಗಳು, ಕೃಷ್ಣಮೃಗ. ತೆಳ್ಳನೆ ನೀರಿನಲ್ಲಿ ಸಾವಿರಗಟ್ಟಲೆ ರಾಜಹಂಸಗಳು ತಲೆ ಕೆಳಗೆ ಮಾಡಿ ಮೇಯುತ್ತಿದ್ದವು. ಅತ್ತೆ ಕೈ ಮುಗಿದರು. ನಾನೂ ನೋಡಿದೆ, ಆದರೆ ಸುಳ್ಳೇಕೆ, ನನ್ನ ಮನಸ್ಸೆಲ್ಲ ಆ ದಡದ ಮೇಲಿತ್ತು. ಈಗ ದೋಣಿ ಇಳಿದಿರುತ್ತಾರೆ. ಈಗ ಹಸಿವಾಗಿರುತ್ತದೆ. ಈಗ ಚಡ್ಡಿಯಲ್ಲೇ ನಿಂತು ಬೆಸ್ತರ ಹೆಂಗಸರ ಕಣ್ಣು ತಪ್ಪಿಸುತ್ತಿರುತ್ತಾರೆ. ಅವರಿಗೆ ಮಾಡಿದ್ದ ಸಾರನ್ನು ನಾವು ಮೂವರೂ ಸಮುದ್ರ ನೋಡುತ್ತ ಉಂಡೆವು. ಅಷ್ಟು ರುಚಿಯಾದ ಸಾರು ನಾನು ಮತ್ತೆ ಮಾಡಿಲ್ಲ.

ಸಂಜೆ ತಿರುಗಿ ಬಂದಾಗ ಇಬ್ಬರೂ ಮಗುಚಿದ ದೋಣಿಯ ಮೇಲೆ ಕೂತಿದ್ದರು. ಮೈಮೇಲೆ ಒಣಗಿದ ಕೆಸರು, ಮುಖ ಕೆಂಪಗೆ. ಭಾವ ಕೂಗುತ್ತ ಬಂದರು. "ಇಳಿಯೇ ಕೆಳಗೆ! ಯಾರನ್ನ ಕೇಳಿ ಗಾಡಿ ಮುಟ್ದೆ?"

ನಾನು ಇಳಿಯಲಿಲ್ಲ, ಎಂಜಿನ್ನೂ ಆರಿಸಲಿಲ್ಲ. "ನಮ್ಮಪ್ಪ ಕುಡೀತಿರ್ಲಿಲ್ಲ ಅಂತ ಹೇಳಿ ಭಾವ. ಆಮೇಲೆ ಇಳೀತೀನಿ."

"ತಲೆ ಕೆಟ್ಟಿದ್ಯಾ ನಿಂಗೆ?"

ಬಾಗಿಲ ಹಿಡಿಗೆ ಅವರು ಕೈ ಚಾಚಿದರು. ನಾನು ಗಾಡಿಯನ್ನು ಸ್ವಲ್ಪ ಮುಂದಕ್ಕೆ ಬಿಟ್ಟೆ. ಓಡಿ ಬಂದರು. ಮತ್ತೆ ಬಿಟ್ಟೆ. ಮತ್ತೆ ಓಡಿ ಬಂದರು. ಬಲೆ ಮಡಚುತ್ತಿದ್ದವರು ಕೆಲಸ ನಿಲ್ಲಿಸಿ ನಗತೊಡಗಿದರು. ನನ್ನ ಗಂಡ ನಿಂತಲ್ಲೇ ನಿಂತಿದ್ದರು.

ಹಿಂದಿನಿಂದ ಅತ್ತೆಯ ದನಿ ಬಂತು. "ಹೇಳೋ ಅದೇನಂತ. ಸತ್ತೋರ ಮೇಲೆ ಸುಳ್ಳು ಹೇಳಿದ್ದು ನೀನಲ್ವಾ?"

ಭಾವನವರು ನೆಲ ನೋಡುತ್ತ, "ಕುಡೀತಿರ್ಲಿಲ್ಲ" ಎಂದರು.

"ಕೇಳಿಸ್ಲಿಲ್ಲ."

"ನಿಮ್ಮಪ್ಪ ಕುಡೀತಿರ್ಲಿಲ್ಲ!"

ಆಗ ಇಳಿದೆ. ಮೈಸೂರಿನವರೆಗೂ ಅವರೇ ಓಡಿಸಿದರು, ಒಂದು ಮಾತೂ ಆಡದೆ. ಆಮೇಲೂ ಎಷ್ಟೋ ವರ್ಷ ನನ್ನನ್ನು ಮಾತಾಡಿಸಲಿಲ್ಲ. ನನಗೆ ಅದರಿಂದ ಯಾವ ಕೊರತೆಯೂ ಆಗಲಿಲ್ಲ. ಎರಡು ಸಾವಿರದ ಆಚೆ ಯಾವುದೋ ಹಬ್ಬಕ್ಕೆ ಎದುರು ಕೂತು ಒಬ್ಬಟ್ಟು ಬಡಿಸಿಕೊಂಡಾಗ, "ಇನ್ನೊಂದು ಹಾಕಮ್ಮ" ಎಂದರು. ಹಾಕಿದೆ.

ಗಂಡ ಮಾತ್ರ ಊರಿಗೆ ಬಂದ ವಾರವೇ ಕ್ಷಮೆ ಕೇಳಿದರು. "ನನ್ನನ್ಯಾಕೆ ಕೇಳ್ತೀರಿ, ಬನ್ನಿ" ಎಂದು ಇಲವಾಲಕ್ಕೆ ಕರೆದುಕೊಂಡು ಹೋಗಿ ನನ್ನ ಅಮ್ಮನ ಮುಂದೆ ಕೂರಿಸಿದೆ. ಯಾವ ಮಾತಿಗೆ ನಕ್ಕರೋ ಆ ಮಾತನ್ನು ಅವರ ಬಾಯಿಂದಲೇ ಅಮ್ಮನಿಗೆ ಹೇಳಿಸಿದೆ. ಅಮ್ಮ ಎದ್ದು ಒಳಗೆ ಹೋದಳು. ಅವಳು ಕಾಫಿ ತರುತ್ತಾಳೆಂದು ಅವರು ಬಹಳ ಹೊತ್ತು ಕಾದು ಕೂತಿದ್ದರು.