ನಲವತ್ತೊಂದು ಬೂದು ಚುಕ್ಕಿಗಳು

ಶುಕ್ರವಾರ ಸಂಜೆ ನಾಲ್ಕಕ್ಕೆ ನಲವತ್ತೊಂದು ಯಂತ್ರಗಳನ್ನು ಬಂದ್ ಮಾಡುವುದೆಂದು ತೀರ್ಮಾನವಾಗಿತ್ತು. ಬಂದ್ ಮಾಡಿದರೆ ಯಾರಿಗೂ ತೊಂದರೆಯಿಲ್ಲ ಎಂದು ಬರೆದು ಸಹಿ ಹಾಕಿದವಳು ತಂತಿಯಕ್ಕ.

ಆಫೀಸಿನಲ್ಲಿ ಅವಳಿಗೆ ಆ ಹೆಸರು ಬಿದ್ದು ಇಪ್ಪತ್ನಾಲ್ಕು ವರ್ಷ. ಸೇರಿದಾಗ ಅವಳ ಕೆಲಸ ಏಣಿ ಹತ್ತಿ, ಸೀಲಿಂಗಿನ ಹಲಗೆ ಸರಿಸಿ, ಧೂಳಿನೊಳಗೆ ತಲೆ ತೂರಿಸಿ ಕೇಬಲ್ ಎಳೆಯುವುದು. ಏಣಿ ಹತ್ತುವ ಹೆಂಗಸನ್ನು ಕಂಡು ಮುಸಿಮುಸಿ ನಕ್ಕವರೇ ಕೆಲವು ವರ್ಷದೊಳಗೆ ಅವಳ ನೋಟ್‌ಬುಕ್ಕನ್ನು ಹುಡುಕಿಕೊಂಡು ಬರತೊಡಗಿದರು. ಯಾವ ತಂತಿ ಎಲ್ಲಿ ಹೊರಟು ಎಲ್ಲಿ ಸೇರುತ್ತದೆ ಎಂದು ಅವಳು ಅದರಲ್ಲಿ ಪೆನ್ಸಿಲಿನಿಂದ ಗೆರೆ ಎಳೆದಿಟ್ಟಿದ್ದಳು. ಸಣ್ಣಪುಟ್ಟ ಆಸ್ಪತ್ರೆಗಳ ಕಂಪ್ಯೂಟರ್ ಕೆಲಸವನ್ನೆಲ್ಲ ನೋಡಿಕೊಳ್ಳುವ ಆ ಕಂಪನಿಯಲ್ಲಿ, ಏನಾದರೂ ಕೈಕೊಟ್ಟರೆ ಮೊದಲು ಕೂಗುತ್ತಿದ್ದದ್ದು ಅವಳನ್ನೇ.

ಈಗ ಎಳೆಯಲು ತಂತಿಯೇ ಉಳಿದಿರಲಿಲ್ಲ. ಯಂತ್ರಗಳೆಲ್ಲ ಕ್ಲೌಡಿಗೆ ಹೋಗಿದ್ದವು. ಅಂದರೆ ಎಲ್ಲೋ ದೂರದಲ್ಲಿ, ಇವರಲ್ಲಿ ಒಬ್ಬರೂ ಕಾಲಿಡದ ಕಟ್ಟಡವೊಂದರಲ್ಲಿ ಬಾಡಿಗೆಗೆ ಕೂತಿದ್ದವು. ಕಾಣದ ಅವನ್ನು ಕಾಣಿಸುವ ನಕ್ಷೆಯೊಂದು ಗೋಡೆಯಗಲದ ಪರದೆಯ ಮೇಲೆ ತಾನೇ ಮೂಡುತ್ತಿತ್ತು. ಯಂತ್ರಕ್ಕೊಂದು ಚುಕ್ಕಿ. ಎರಡು ಯಂತ್ರ ಮಾತಾಡಿಕೊಂಡರೆ ನಡುವೆ ಗೆರೆ. ಮಾತು ಹೆಚ್ಚಿದಷ್ಟೂ ಗೆರೆ ದಪ್ಪ. ಒಂದು ಚುಕ್ಕಿಯನ್ನು ಮುಟ್ಟಿದರೆ ಅದನ್ನು ನೆಚ್ಚಿಕೊಂಡವೆಲ್ಲ ಹೊಳೆಯುತ್ತಿದ್ದವು. ಗೆರೆಯೇ ಇಲ್ಲದ ಚುಕ್ಕಿ ಬೂದುಬಣ್ಣಕ್ಕೆ ತಿರುಗುತ್ತಿತ್ತು. ಬೂದು ಎಂದರೆ ಯಾರಿಗೂ ಬೇಡದ್ದು.

ಮೂರು ವಾರದ ಹಿಂದೆ ಮ್ಯಾನೇಜರು ಆ ಪರದೆಯ ಮುಂದೆ ನಿಂತು ತಲೆ ಕೆರೆದುಕೊಂಡಿದ್ದರು.

“ಏನಕ್ಕಾ ಇದು, ಬಾಚಣಿಗೆಗೆ ಸಿಕ್ಕಿದ ಕೂದಲುಂಡೆ ಇದ್ದ ಹಾಗಿದೆ! ನಾಳೆ ಮೇಲಿನವರು ನೋಡೋಕೆ ಬರ್ತಿದ್ದಾರೆ. ಸ್ವಲ್ಪ ತಲೆ ಬಾಚಿ ಇದಕ್ಕೆ.”

ತಂತಿಯಕ್ಕ ಪರದೆಯ ಮೂಲೆಯ ಜಾರುಗುಂಡಿಯೊಂದನ್ನು ಬಲಕ್ಕೆ ಜಾರಿಸಿದಳು. ತೀರಾ ತೆಳುವಾದ ಗೆರೆಗಳೆಲ್ಲ ಮಾಯವಾಗಿ ನಕ್ಷೆ ಅಚ್ಚುಕಟ್ಟಾಯಿತು. ಮೇಲಿನವರು ಬಂದರು, ಮೆಚ್ಚಿದರು, ಹೋದರು. ಜಾರುಗುಂಡಿಯನ್ನು ಮತ್ತೆ ಎಡಕ್ಕೆ ಸರಿಸುವುದು ಅವಳಿಗೆ ಮರೆತೇಹೋಯಿತು. ಬಾಡಿಗೆ ಉಳಿಸಲು ಬೇಡದ ಯಂತ್ರಗಳ ಪಟ್ಟಿ ಕೊಡಿ ಎಂದು ಮ್ಯಾನೇಜರು ಕೇಳಿದಾಗ ನಕ್ಷೆ ತೋರಿಸಿದ ನಲವತ್ತೊಂದು ಬೂದು ಚುಕ್ಕಿಗಳನ್ನು ಹಾಗೇ ಬರೆದುಕೊಟ್ಟಳು.

ಮರೆತದ್ದಕ್ಕೆ ಕಾರಣ ಹುಡುಕಬಹುದಿತ್ತು. ನಾದಿನಿಗೆ ಆಪರೇಷನ್ ಆಗಿ, ಅವಳನ್ನು ನೋಡಿಕೊಳ್ಳಲು ಅತ್ತೆ ಹೊರಟುಹೋಗಿ ಇಪ್ಪತ್ತೈದು ದಿನವಾಗಿತ್ತು. ಹೋಗುವ ಮುನ್ನ ಅತ್ತೆ ಎರಡು ಹಾಳೆ ತುಂಬ ಬರೆದು ಅಡುಗೆಮನೆಯ ಬೀರುವಿನ ಬಾಗಿಲಿಗೆ ಅಂಟಿಸಿದ್ದರು: ಹಾಲಿನವನಿಗೆ ಏನು ಹೇಳಬೇಕು, ನೀರು ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಹಿತ್ತಿಲ ಚಿಲಕವನ್ನು ಎತ್ತಿ ಎಳೆಯಬೇಕು. ತಂತಿಯಕ್ಕ ಐದಕ್ಕೇ ಎದ್ದು ಆ ಹಾಳೆಗಳ ಕೆಲಸವನ್ನು ಸಾಲುಸಾಲಾಗಿ ಮಾಡಿ ಮುಗಿಸುತ್ತಿದ್ದಳು.

“ನೋಡಿದ್ಯಾ, ಅಮ್ಮ ಇಲ್ದಿದ್ರೂ ಮನೆ ತಾನಾಗೇ ನಡೀತಿದೆ,” ಎಂದ ಗಂಡ, ಒಗೆದು ಮಡಿಸಿದ ಅಂಗಿಯನ್ನು ಕೈಗೆತ್ತಿಕೊಳ್ಳುತ್ತ.

“ಆ ‘ತಾನು’ ನಾನೇ ಕಣ್ರೀ. ಬೆಳಿಗ್ಗೆ ಐದಕ್ಕೆ ಎದ್ದು ನೋಡಿ, ಸ್ಟೌವ್ ಹತ್ರ ನಿಂತಿರುತ್ತೆ.”

ಮನೆಯಲ್ಲಿ ಯಾರಿಗೂ ಕಾಣದ ಕೆಲಸ ತನಗೆ ಮಾತ್ರ ಕಾಣುತ್ತದೆ ಎಂಬ ಸಣ್ಣ ಹೆಮ್ಮೆ ಅವಳಿಗಿತ್ತು.

ಗುರುವಾರ ಸಂಜೆ ಮಾವ ನೀರಿನ ಲೋಟವನ್ನು ಮೇಜಿನ ಮೇಲೆ ಇಡಲು ಹೋಗಿ ಮೇಜಿನಾಚೆಯ ಗಾಳಿಯಲ್ಲಿ ಇಟ್ಟರು. ಶುಕ್ರವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಅವರನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದರು.

“ಹನಿ ನಿಲ್ಲಿಸಿ ಎಷ್ಟು ದಿನ ಆಯ್ತು?” ಎಂದರು ಡಾಕ್ಟರಮ್ಮ.

“ಯಾವ ಹನಿ?” ಎಂದ ಗಂಡ. ತಂತಿಯಕ್ಕನಿಗೂ ಗೊತ್ತಿರಲಿಲ್ಲ.

ಮಾವ ಶಾಂತವಾಗಿ ಹೇಳಿದರು: “ಅವಳು ಹಾಕ್ತಿದ್ಲು. ಅವಳಿಲ್ಲ. ಅದಕ್ಕೆ ಹಾಕಿಲ್ಲ.” ಕರೆಂಟು ಹೋಗಿದೆ, ಅದಕ್ಕೆ ದೀಪವಿಲ್ಲ ಎಂದಷ್ಟೇ ಸಲೀಸಾಗಿ.

ಆರು ವರ್ಷದಿಂದ, ಬೆಳಿಗ್ಗೆ ಒಂದು ಹನಿ, ಸಂಜೆ ಒಂದು ಹನಿ. ಕಣ್ಣಿನೊಳಗಿನ ಒತ್ತಡ ಏರದಂತೆ ಹಿಡಿದಿಟ್ಟಿದ್ದದ್ದು ಅದೇ. “ಹೋದ ದೃಷ್ಟಿ ವಾಪಸ್ ಬರಲ್ಲ,” ಎಂದರು ಡಾಕ್ಟರಮ್ಮ. “ಇರೋದನ್ನ ಉಳಿಸೋಣ. ಇವತ್ತು ಸಂಜೆವರೆಗೂ ಇಲ್ಲೇ ಇರಲಿ.”

ತಂತಿಯಕ್ಕ ಕಾರಿಡಾರಿಗೆ ಬಂದು ಅತ್ತೆಗೆ ಫೋನು ಹಚ್ಚಿದಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು.

“ಅತ್ತೆ, ಅಷ್ಟೆಲ್ಲ ಬರೆದಿಟ್ರಿ, ಇದೊಂದು ಯಾಕೆ ಬರೀಲಿಲ್ಲ?”

“ಬರೀಬೇಕು ಅಂತ ಹೊಳೀಲೇ ಇಲ್ಲ ಕಣೇ. ಅರ್ಧ ನಿಮಿಷದ್ದು... ಅದೂ ಒಂದು ಕೆಲಸಾನಾ?” ಅತ್ತೆ ಅಳತೊಡಗಿದರು.

ತಂತಿಯಕ್ಕ ಅವರನ್ನು ಸಮಾಧಾನ ಮಾಡತೊಡಗಿದಳು. ಅಷ್ಟರಲ್ಲಿ, ಜಾರುಗುಂಡಿಯನ್ನು ಬಲಕ್ಕೆ ಜಾರಿಸಿದ ತನ್ನ ಬೆರಳು ಅವಳ ಕಣ್ಣಮುಂದೆ ಬಂತು. ಮಾತು ಕಮ್ಮಿ ಎಂದು ಮರೆಮಾಡಿದ್ದ ಗೆರೆಗಳು. ಆ ನಲವತ್ತೊಂದರಲ್ಲಿ ಎಷ್ಟು ನಿಜವಾಗಿ ಒಂಟಿಯೋ, ಅತ್ತೆಯ ಹಾಗೆ ದಿನಕ್ಕೆ ಎರಡೇ ಹನಿಯ ಕೆಲಸ ಮಾಡುತ್ತಿರುವವು ಎಷ್ಟೋ, ಅವಳಿಗೆ ಗೊತ್ತಿರಲಿಲ್ಲ.

ಅವಳು ಆಫೀಸಿಗೆ ಫೋನು ಮಾಡಿದಾಗ ಮ್ಯಾನೇಜರು ಖುಷಿಯಲ್ಲಿದ್ದರು. “ನಾಲ್ಕು ಗಂಟೆವರೆಗೆ ಯಾಕೆ ಕಾಯೋದು ಅಂತ ಹನ್ನೊಂದಕ್ಕೇ ಹತ್ತು ಬಂದ್ ಮಾಡಿದ್ವಿ ಅಕ್ಕಾ. ಒಬ್ಬರೂ ಕೂಗಲಿಲ್ಲ!”

“ಉಳಿದದ್ದು ಮುಟ್ಟಬೇಡಿ ಸರ್. ನಾನು ಬರ್ತಿದ್ದೀನಿ.”

ಗಂಡ ಬೆಂಚಿನಿಂದ ಅರ್ಧ ಎದ್ದ. “ಈಗ ಹೋಗ್ತೀಯಾ? ಯಾವ ಹನಿ, ಎಷ್ಟು ಹನಿ, ನಂಗೇನು ಗೊತ್ತಾಗುತ್ತೆ?”

“ಡಾಕ್ಟರ್ ಹೇಳ್ತಾರೆ, ಬರ್ಕೊಳ್ಳಿ. ನಿಮ್ಮಪ್ಪ ಅವರು.”

ಹನ್ನೆರಡೂವರೆಗೆ ಅವಳು ಪರದೆಯ ಮುಂದೆ ನಿಂತು ಜಾರುಗುಂಡಿಯನ್ನು ಎಡಕ್ಕೆ ಪೂರ್ತಿ ಎಳೆದಳು. ಕೂದಲುಂಡೆ ಮತ್ತೆ ತುಂಬಿಕೊಂಡಿತು. ನಲವತ್ತೊಂದರಲ್ಲಿ ಆರಕ್ಕೆ ತೆಳುಗೆರೆಗಳಿದ್ದವು. ಐದು ಇನ್ನೂ ಉಸಿರಾಡುತ್ತಿದ್ದವು. ಆರನೆಯದು ಬೆಳಿಗ್ಗೆಯ ಹತ್ತರಲ್ಲಿ ಹೋಗಿತ್ತು. ಹಿಂದಿನ ದಿನದ ನಕ್ಷೆಯನ್ನು ತೆರೆದು ಅದನ್ನು ಮುಟ್ಟಿದಳು. ಹೊಳೆದದ್ದು ಒಂದೇ ಒಂದು: ಸಣ್ಣ ಹೆರಿಗೆ ಆಸ್ಪತ್ರೆಯೊಂದರ ಎಳೆಗೂಸುಗಳ ವಾರ್ಡು. ಅಲ್ಲಿನ ಆಮ್ಲಜನಕದ ಒತ್ತಡ ಕುಸಿದರೆ ಗಂಟೆ ಬಾರಿಸುವುದು ಆ ಯಂತ್ರದ ಕೆಲಸ. ಕುಸಿಯದಿದ್ದರೆ ಅದಕ್ಕೆ ಮಾತೇ ಇಲ್ಲ.

ಮತ್ತೆ ಕಟ್ಟಿ ನಿಲ್ಲಿಸಲು ಮೂರು ಗಂಟೆ ಬೇಕು ಎಂದರು ಜೊತೆಯವರು. ತಂತಿಯಕ್ಕ ವಾರ್ಡಿಗೆ ಫೋನು ಮಾಡಿ, ಗಂಟೆ ಬಾರಿಸದು, ಅಲ್ಲಿಯವರೆಗೆ ಆಮ್ಲಜನಕದ ಮಾಪಕದ ಮುಳ್ಳನ್ನು ಕಣ್ಣಿಂದಲೇ ನೋಡುತ್ತಿರಬೇಕು ಎಂದಳು.

“ಅಯ್ಯೋ ಮೇಡಂ,” ಎಂದಳು ಅಲ್ಲಿನ ನರ್ಸು, “ಇರೋದು ನಾನೊಬ್ಳು, ಮೂರು ಕೂಸು. ಮುಳ್ಳು ನೋಡೋಕೆ ಬೆನ್ನಲ್ಲಿ ಕಣ್ಣಿಟ್ಕೊಳ್ಲಾ?”

“ತಪ್ಪು ನಂದು ಸಿಸ್ಟರ್. ನಾನು ಫೋನ್ ಇಡಲ್ಲ. ಐದೈದು ನಿಮಿಷಕ್ಕೆ ಕೇಳ್ತೀನಿ, ಮುಳ್ಳು ಎಲ್ಲಿದೆ ಅಂತಷ್ಟೇ ಹೇಳಿ.”

“ಮುಳ್ಳು ನಾಲ್ಕೂವರೆ ಮೇಲಿದೆ,” ಎಂದಳು ನರ್ಸು. ಐದು ನಿಮಿಷಕ್ಕೆ ಮತ್ತೆ, “ನಾಲ್ಕೂವರೆ.” ನಡುವೆ ಕೂಸಿನ ಅಳು, ನಲ್ಲಿಯ ಸದ್ದು, ಚಪ್ಪಲಿಯ ಸದ್ದು. ಎರಡು ಗಂಟೆಯ ಹೊತ್ತಿಗೆ ಗಂಡನಿಂದ ಸಂದೇಶ ಬಂತು: ಒತ್ತಡ ಇಳಿಯುತ್ತಿದೆ, ಎಡಗಣ್ಣು ಮಾತ್ರ ಸಂಶಯ. ಓದಿ ಫೋನನ್ನು ಮತ್ತೆ ಕಿವಿಗೊತ್ತಿಕೊಂಡಳು.

ಆಮೇಲೊಮ್ಮೆ ಕೇಳಿದಾಗ ಉತ್ತರ ಬರಲಿಲ್ಲ. “ಸಿಸ್ಟರ್? ಸಿಸ್ಟರ್?” ಆಫೀಸಿನಲ್ಲಿ ಎಲ್ಲರ ಕೈ ನಿಂತಿತು. ಅತ್ತ ಏನೋ ಕಬ್ಬಿಣ ಉಜ್ಜಿದ ಸದ್ದು.

“ಮೂರಕ್ಕೆ ಇಳಿದಿತ್ತು ಮೇಡಂ.” ನರ್ಸು ಏದುತ್ತಿದ್ದಳು. “ಪಕ್ಕದ ಸಿಲಿಂಡರಿನ ಕೀಲು ತಿರುಗಿಸಿದೆ. ಬಿಗಿಯಾಗಿತ್ತು, ಹಾಳಾದ್ದು. ಏರ್ತಿದೆ. ಮೂರೂವರೆ... ನಾಲ್ಕು. ಕೂಸುಗಳು ಸರಿಯಾಗಿದಾವೆ.”

ತಂತಿಯಕ್ಕ ಗಡಿಯಾರ ನೋಡಿ ಎರಡು ಇಪ್ಪತ್ತು ಎಂದು ಬರೆದುಕೊಂಡಳು. ಐದು ನಿಮಿಷವಾದ ಮೇಲೆ ಮತ್ತೆ ಮುಳ್ಳು ಎಲ್ಲಿದೆ ಎಂದು ಕೇಳಿದಳು.

ಮೂರು ಐವತ್ತಕ್ಕೆ ಯಂತ್ರ ಎದ್ದು ನಿಂತಿತು. ಮ್ಯಾನೇಜರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. “ವರದಿಯಲ್ಲಿ ನಕ್ಷೆಯ ದೋಷ ಅಂತ ಬರೀರಿ ಅಕ್ಕಾ. ಮುಖ್ಯಸ್ಥರ ಜಾಗಕ್ಕೆ ಮುಂದಿನ ತಿಂಗಳು ನಿಮ್ಮ ಹೆಸರು ಹೋಗ್ತಿದೆ. ತಲೆ ಬಾಚಿ ಅಂದಿದ್ದು ನಾನೇ, ಅದನ್ನೂ ಬರೆಯೋದು ಬೇಡ.”

“ನಕ್ಷೆ ನಾನು ತೋರಿಸು ಅಂದಷ್ಟನ್ನೇ ತೋರಿಸ್ತು ಸರ್.”

ಅವಳು ಬರೆದಳು: ಸಣ್ಣ ಗೆರೆಗಳನ್ನು ಮರೆಮಾಡಿದ್ದು ನಾನು, ಮಾಡಿದ್ದನ್ನು ಮರೆತದ್ದು ನಾನು. ಕೊನೆಯ ಸಾಲು ಓದಿ ಮ್ಯಾನೇಜರು ಬೆರಳಿಟ್ಟರು. “ಈ ನರ್ಸ್ ವಿಷಯ ಇಲ್ಲಿ ಯಾಕೆ? ಇದು ಯಂತ್ರಗಳ ವರದಿ.”

“ಮೂರು ಗಂಟೆಗೂ ಹೆಚ್ಚು ಹೊತ್ತು ಆ ಯಂತ್ರದ ಕೆಲಸ ಮಾಡಿದ್ದು ಅವರು. ಯಂತ್ರದ ಹೆಸರಿದೆ, ಅವರದ್ದು ಇರಬಾರದಾ?”

ಮ್ಯಾನೇಜರು ಬೆರಳು ತೆಗೆದರು. ಮುಖ್ಯಸ್ಥರ ಕುರ್ಚಿಗೆ ಆಮೇಲೆ ಬೇರೆಯವರು ಬಂದರು.

ವರದಿ ಕಳಿಸುವ ಮೊದಲು ತಂತಿಯಕ್ಕ ವಾರ್ಡಿಗೆ ಫೋನು ಮಾಡಿ ಆ ಸಾಲನ್ನು ಓದಿ ಹೇಳಿದಳು. ಪಾಳಿ ಮುಗಿಸಿ ಬ್ಯಾಗು ಹೆಗಲಿಗೇರಿಸಿದ್ದ ನರ್ಸು ನಿಂತು ಕೇಳಿಸಿಕೊಂಡಳು.

“ಎರಡು ಇಪ್ಪತ್ತಕ್ಕಲ್ಲ ಮೇಡಂ, ಎರಡು ಹದಿನೆಂಟಕ್ಕೆ ಕೀಲು ತಿರುಗಿಸಿದ್ದು. ಗಡಿಯಾರ ಎದುರಿಗೇ ಇತ್ತು.”

ತಂತಿಯಕ್ಕ ತಿದ್ದಿದಳು.